ಶುಕ್ರವಾರದ ವಿಮರ್ಶಕರಿಗೆ ಐತವಾರದ ಪ್ರೇಕ್ಷಕನ ಪತ್ರ

ಕನ್ನಡದಲ್ಲಿ ಸಿನಿಮಾ ವಿಮರ್ಶೆ ಬರೆಯುವ ಹಿರಿಯರಿಗೆ, ಗೆಳೆಯರಿಗೆ,



2025ರ ಸೆಪ್ಟೆಂಬರಿನ ಒಂದು ಐತವಾರ ಸೇಡಂನಲ್ಲಿರುವ ತಂಗಿಯ ಮನೆಯವರ ಜೊತೆ ಹೈದರಾಬಾದಿಗೆ ಹೋಗಿದ್ದೆ. ನೆಂಟರ ಮನೆಯ ಕಾರ್ಯ ಮಧ್ಯಾಹ್ನಕ್ಕೇ ಮುಗಿಯಿತು. ತಂಗಿಯ ಮಗ ಕೈ ಹಿಡಿದು ಎಳೆದ. ‘ಮಾಮಾ, ಪಿಚ್ಚರಿಗಿ ಹೋಗಮು ನಡ್ರಿ.’ ಹಾಗೆ ನಾವು ನೋಡಿದ್ದು ‘ಲೋಕಾ’. ಡೊಮಿನಿಕ್ ಅರುಣ್ ನಿರ್ದೇಶಿಸಿದ ಮಲಯಾಳಂ ಸಿನಿಮಾ. ಕಲ್ಯಾಣಿ ಪ್ರಿಯದರ್ಶನ್ ಅದರಲ್ಲಿ ಅತಿಮಾನುಷ ಶಕ್ತಿಯ ಹೆಣ್ಣು. ಅಲ್ಲಿ ನಡೆಯುತ್ತಿದ್ದದ್ದು ಅದರ ತೆಲುಗು ರೂಪ, ‘ಕೊತ್ತ ಲೋಕ’. ಕತೆ ನಡೆಯುವ ಊರು ಬೆಂಗಳೂರು. ಕೇರಳದವರು ಕಟ್ಟಿದ ಬೆಂಗಳೂರಿನ ಕತೆಯನ್ನು ಕಾಗಿಣಾ ನದಿಯ ದಂಡೆಯ ಕನ್ನಡದ ಮಂದಿ ಹೈದರಾಬಾದಿನಲ್ಲಿ ಕುಳಿತು ತೆಲುಗಿನಲ್ಲಿ ನೋಡಿದೆವು. ನಮ್ಮ ಕಡೆಯವರಿಗೆ ಇದು ವಿಚಿತ್ರವೇನಲ್ಲ. ನಾವು ಸಿನಿಮಾ ನೋಡುತ್ತ ಬಂದಿರುವುದೇ ಹೀಗೆ.

ರಾತ್ರಿ ರೈಲು ವಿಕಾರಾಬಾದ್ ದಾಟಿದ ಮೇಲೆ ಹುಡುಗ ಮೊಬೈಲಿನಲ್ಲಿ ವಿಮರ್ಶೆಗಳನ್ನು ಒಂದೊಂದಾಗಿ ಓದಿ ಹೇಳತೊಡಗಿದ. ಎಲ್ಲದರಲ್ಲೂ ಹೊಗಳಿಕೆಯಿತ್ತು. ಕಳ್ಳಿಯಂಕಾಟ್ಟು ನೀಲಿ ಎಂಬ ಕೇರಳದ ಯಕ್ಷಿಯ ಐತಿಹ್ಯವನ್ನು ಈ ಕಾಲಕ್ಕೆ ತಂದ ಬಗೆಯನ್ನು ಮೆಚ್ಚಿದ್ದರು. ನೀಲಿ ಯಾರೆಂದು ನಮ್ಮ ಬೋಗಿಯಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಅಷ್ಟು ಹೊತ್ತು ಸುಮ್ಮನೆ ಕೂತಿದ್ದ ತಂಗಿ ಆಗ ಬಾಯಿ ಬಿಟ್ಟಳು. ‘ಯಾರರೆ ಇರವಲ್ಲಳ್ಯಾಕ, ನನಗ ನಮ್ಮ ನಾಗಾವಿ ಯಲ್ಲವ್ವನೇ ಎದ್ದು ಬಂದಂಗ ಆಯ್ತು.’ ಚಿತ್ತಾಪುರದ ಪಕ್ಕದ ನಾಗಾವಿಯ ಗುಡಿಗೆ ಅವಳು ಚಿಕ್ಕಂದಿನಿಂದ ನಡೆದುಕೊಂಡವಳು. ಹುಡುಗ ಮೊಬೈಲು ಕೆಳಗಿಟ್ಟು ನನ್ನ ಮುಖ ನೋಡಿ ಹೇಳಿದ: ‘ಮಾಮಾ, ಇವ್ರು ನೋಡಿದ್ ಪಿಚ್ಚರೇ ಬ್ಯಾರೆ, ನಾವು ನೋಡಿದ್ದೇ ಬ್ಯಾರೆ ಅನಸ್ತದ.’

ಈ ಪತ್ರ ಬರೆಸಿದ್ದು ಅವನ ಆ ಒಂದು ಮಾತು.

ಒಂದು ದೊಡ್ಡ ಸೂಪರ್‌ಹೀರೋ ಸಿನಿಮಾ ಬಿಡುಗಡೆಯಾದಾಗಲೆಲ್ಲ ಜಗಳವೊಂದು ಹೊತ್ತಿಕೊಳ್ಳುತ್ತದೆ. ವಿಮರ್ಶಕರಿಗೆ ಜನರ ನಾಡಿ ಗೊತ್ತಿಲ್ಲ ಎಂದು ಒಂದು ಕಡೆಯವರು, ಜನರಿಗೆ ಅಭಿರುಚಿ ಇಲ್ಲ ಎಂದು ಇನ್ನೊಂದು ಕಡೆಯವರು. ಇದನ್ನು ವಿಮರ್ಶಕ ಮತ್ತು ಪ್ರೇಕ್ಷಕನ ಜಗಳ ಎನ್ನುತ್ತಾರೆ. ಅದು ನಿಜವಲ್ಲ ಎಂದು ನಿಮಗೆ ಹೇಳಬೇಕಾಗಿದೆ. ಶುಕ್ರವಾರ ಬೆಳಿಗ್ಗೆ ಮೊದಲ ಆಟಕ್ಕೆ ಹೋಗುವವರು ಇಬ್ಬರೇ: ವಿಮರ್ಶಕರು ಮತ್ತು ಅಭಿಮಾನಿಗಳು. ಜಗಳ ನಡೆಯುವುದು ನಿಮ್ಮಿಬ್ಬರ ನಡುವೆ. ಪ್ರೇಕ್ಷಕ ಇನ್ನೂ ಮನೆಯಲ್ಲಿದ್ದಾನೆ. ಅವನಿಗೆ ಸುಟ್ಟಿ ಇರುವುದು ಐತವಾರ. ಅವನು ಬರುವ ಹೊತ್ತಿಗೆ ನಿಮ್ಮ ನಕ್ಷತ್ರಗಳು ಅಚ್ಚಾಗಿರುತ್ತವೆ, ಅಭಿಮಾನಿಗಳು ಹಾಲೆರೆದು ಮನೆಗೆ ಹೋಗಿರುತ್ತಾರೆ. ಅವನು ನೋಡಿ ಏನಂದುಕೊಂಡ ಎಂದು ಕೇಳುವವರು ಯಾರೂ ಉಳಿದಿರುವುದಿಲ್ಲ.

ಅಮೆರಿಕದ ಒಂದು ಉದಾಹರಣೆ ನೋಡಿ. 2016ರ ಮಾರ್ಚ್ 25ರಂದು ‘ಬ್ಯಾಟ್‌ಮನ್ ವರ್ಸಸ್ ಸೂಪರ್‌ಮನ್’ ತೆರೆಗೆ ಬಂತು. ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮ್ಯಾಟೋಸ್ ಜಾಲತಾಣದ ಲೆಕ್ಕದಲ್ಲಿ ಅದನ್ನು ಮೆಚ್ಚಿದ ವಿಮರ್ಶಕರು ನೂರಕ್ಕೆ 30ರಷ್ಟೂ ಇರಲಿಲ್ಲ. ಅಭಿಮಾನಿಗಳು ಸಿಡಿದೆದ್ದರು. ಮೊದಲ ಮೂರು ದಿನದ ಗಳಿಕೆ ಅವರ ಮಾತನ್ನೇ ಗೆಲ್ಲಿಸಿತು. ಎರಡನೆಯ ವಾರಾಂತ್ಯಕ್ಕೆ ಅಲ್ಲಿನ ಗಳಿಕೆ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಕುಸಿಯಿತು. ಒಟ್ಟು ಗಳಿಕೆ ಜಗತ್ತಿನಾದ್ಯಂತ 87 ಕೋಟಿ ಡಾಲರ್ ದಾಟಿದ್ದೂ ನಿಜ. ಹಾಗಾದರೆ ಪ್ರೇಕ್ಷಕರು ಅದನ್ನು ಮೆಚ್ಚಿದರೋ, ಬಿಟ್ಟರೋ? ಮೊದಲ ವಾರ ಬಂದವರು ಒಂದು ಜನ, ಎರಡನೆಯ ವಾರ ಬಾರದೆ ಉಳಿದವರು ಬೇರೆ ಜನ. ಇಬ್ಬರಿಗೂ ಒಂದೇ ಹೆಸರಿಟ್ಟು ನಾವು ವಾದ ಮಾಡುತ್ತಿದ್ದೇವೆ.

ಈಗ ನಮ್ಮ ಸೀಮೆಗೆ ಬನ್ನಿ. ವಾಡಿ ಜಂಕ್ಷನ್ನಿನಿಂದ ಒಂದು ಹಳಿ ಶಹಾಬಾದ್, ಕಲಬುರಗಿ ಹಾದು ಮುಂಬೈಗೆ ಹೋಗುತ್ತದೆ. ಇನ್ನೊಂದು, ನಿಜಾಮರ ಕಾಲದಲ್ಲಿ 1874ರಲ್ಲಿ ಹಾಸಿದ್ದು, ಚಿತ್ತಾಪುರ, ಸೇಡಂ, ತಾಂಡೂರು ಹಾದು ಸಿಕಂದರಾಬಾದಿಗೆ. ನಮ್ಮ ಸಿನಿಮಾ ಭಾಷೆಯನ್ನೂ ಈ ಎರಡು ಹಳಿಗಳೇ ಹಂಚಿದವು. ಒಂದು ಹಿಂದಿ ತಂದಿತು, ಇನ್ನೊಂದು ತೆಲುಗು ತಂದಿತು. ಚಿಂಚೋಳಿಗೆ ಹಳಿಯೇ ಇಲ್ಲ. ಅಲ್ಲಿನ ತಾಂಡಾಗಳಿಂದ ದುಡಿಯಲು ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋದವರು ವಾಪಸ್ ಬರುವಾಗ ಅಲ್ಲಿನ ಸಿನಿಮಾ ಕತೆಗಳನ್ನೂ ಹೊತ್ತು ತಂದರು. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ, ಪರದೆಯ ಮೇಲೆ ಹಿಂದಿ. ಹೀಗೆ ಬೆಳೆದ ಮಕ್ಕಳು ನಾನು ಕನ್ನಡ ಕಲಿಸುವ ತರಗತಿಯಲ್ಲಿದ್ದಾರೆ.

2007ರಲ್ಲಿ ‘ಸ್ಪೈಡರ್‌ಮ್ಯಾನ್ 3’ ಬಂದಾಗ ಅದು ಭೋಜಪುರಿಯಲ್ಲೂ ಮಾತಾಡಿತು. ಕನ್ನಡದಲ್ಲಿ ಮಾತಾಡಲಿಲ್ಲ. ಡಬ್ಬಿಂಗ್ ಬೇಡ ಎಂಬ ನಮ್ಮ ಹಿರಿಯರ ಹೋರಾಟಕ್ಕೆ ಅದರದೇ ಕಾರಣಗಳಿದ್ದವು, ಕನ್ನಡ ಕಲಾವಿದರ ಅನ್ನ ಉಳಿಸುವ ಚಿಂತೆ ಅದರ ಹಿಂದಿತ್ತು. ಅದನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ಅಷ್ಟು ವರ್ಷ ನಮ್ಮ ಸೀಮೆಯ ಮಗುವಿಗೆ ಪರಾಕ್ರಮ ಎಂದರೆ ಹಿಂದಿಯಲ್ಲೋ ತೆಲುಗಿನಲ್ಲೋ ನಡೆಯುವ ಸಂಗತಿಯಾಗಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವಂತಿಲ್ಲ ಎಂದಿತು. 2023ರ ಜೂನ್ 1ರಂದು ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಇಲ್ಲಿ 10 ಭಾಷೆಗಳಲ್ಲಿ ಬಂತು, ಅದರಲ್ಲಿ ಕನ್ನಡವೂ ಒಂದು. ಆ ವಾರ ನಾನು ನಿಮ್ಮ ವಿಮರ್ಶೆಗಳನ್ನು ಆಸೆಯಿಂದ ಹುಡುಕಿ ಓದಿದೆ. ಚಿತ್ರಗಳ ಬಣ್ಣ, ನಿರೂಪಣೆಯ ಜಾಣ್ಮೆ, ಹಲವು ಲೋಕಗಳ ಹೆಣಿಗೆ, ಎಲ್ಲದರ ಬಗ್ಗೆ ಒಳ್ಳೆಯ ಮಾತುಗಳಿದ್ದವು. ಕನ್ನಡದ ಸ್ಪೈಡರ್‌ಮ್ಯಾನ್ ಯಾವ ಕನ್ನಡ ಆಡುತ್ತಾನೆ, ಆ ಮಾತು ತುಟಿಗೂ ಮನಸ್ಸಿಗೂ ಹೊಂದುತ್ತದೆಯೇ, 10 ವರ್ಷದ ಮಗುವಿಗೆ ತಿಳಿಯುತ್ತದೆಯೇ, ಯಾವ ಊರಿನಲ್ಲಿ ನೋಡಲು ಸಿಗುತ್ತದೆ? ನಾನು ಓದಿದ ಒಂದು ವಿಮರ್ಶೆಯಲ್ಲೂ ಇದರ ಸುದ್ದಿ ಇರಲಿಲ್ಲ. ಕಲಬುರಗಿಯಲ್ಲಿ ನಮಗೆ ಸಿಕ್ಕಿದ್ದು ಹಿಂದಿ ಆಟ. ಮಕ್ಕಳನ್ನು ಕರೆದುಕೊಂಡು ಅದನ್ನೇ ನೋಡಿ ಬಂದೆ.

ನೀವು ಮೂಲ ಭಾಷೆಯ ಸಿನಿಮಾ ನೋಡಿ ಅಭಿಪ್ರಾಯ ಬರೆಯುತ್ತೀರಿ. ಅದನ್ನು ಓದಿ ನಾವು ಬೇರೆ ಭಾಷೆಯ ಸಿನಿಮಾಕ್ಕೆ ಟಿಕೆಟ್ ತೆಗೆಯುತ್ತೇವೆ. ಅದರ ನಗೆಮಾತು ಬೇರೆ, ದನಿ ಬೇರೆ, ಕೆಲವೊಮ್ಮೆ ಅರ್ಥವೇ ಬೇರೆ. ಆಮೇಲೆ ನಮ್ಮ ಅಭಿಪ್ರಾಯ ನಿಮ್ಮದಕ್ಕೆ ಹೊಂದದಿದ್ದರೆ ಅದಕ್ಕೆ ಅಭಿರುಚಿಯ ವ್ಯತ್ಯಾಸ ಎಂದು ಹೆಸರಿಡುತ್ತಾರೆ. ನನ್ನ ಸೋದರಳಿಯ ರೈಲಿನಲ್ಲಿ ಕಂಡುಕೊಂಡಿದ್ದು ಇದನ್ನೇ.

ಯಾವ ಭಾಷೆಯ ರೂಪ ನೋಡಿದಿರಿ ಎಂದು ವಿಮರ್ಶೆಯಲ್ಲಿ ತಿಳಿಸಿ ಎಂಬುದು ಸಣ್ಣ ಬೇಡಿಕೆಯಂತೆ ಕಾಣಬಹುದು, ಆದರೆ ನಮಗೆ ಅದು ಸಣ್ಣದಲ್ಲ. ಐದು ಜನರ ಒಂದು ಮನೆ ವಾಡಿಯಿಂದಲೋ ಚಿತ್ತಾಪುರದಿಂದಲೋ ಕಲಬುರಗಿಗೆ ಹೋಗಿ ದೊಡ್ಡ ಪರದೆಯಲ್ಲಿ ಸಿನಿಮಾ ನೋಡಿ ಬರುವುದೆಂದರೆ ಒಂದು ದಿನದ ಕೂಲಿಯಲ್ಲಿ ಮುಗಿಯುವ ಖರ್ಚಲ್ಲ. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿದಾಗ ನಮ್ಮ ಓಣಿಯಲ್ಲಿ ಜನ ಸಂತೋಷಪಟ್ಟಿದ್ದರು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಇಂಥ ಮನೆಯವರು ನಿಮ್ಮ ಮೂರೂವರೆ ನಕ್ಷತ್ರವನ್ನು ನಂಬಿ ಹಣ ಬಿಚ್ಚುತ್ತಾರೆ. ಅವರಿಗೆ ಬೇಕಾದ ಸಂಗತಿ ನಕ್ಷತ್ರದಲ್ಲಿರುವುದಿಲ್ಲ.

ನೀವು ಕಾಣದ್ದನ್ನು ನಾವು ಕಂಡ ಇನ್ನೊಂದು ಸಂದರ್ಭವಿದೆ. ನನ್ನ ಪಾಲಿಗೆ ಅದು ಬರೀ ಸಿನಿಮಾದ ಸಂಗತಿಯಲ್ಲ.

ನಮ್ಮ ಅಪ್ಪ ಶಹಾಬಾದಿನ ಕಲ್ಲಿನ ಖಣಿಯಲ್ಲಿ ದುಡಿದವರು. ಶಹಾಬಾದ್ ಕಲ್ಲು ನೆಲದೊಳಗೆ ಪದರ ಪದರವಾಗಿ ಮಲಗಿರುತ್ತದೆ. ಹಾರೆ ಹಾಕಿ ಮೀಟಿ, ಒಡೆಯದಂತೆ ಒಂದೊಂದೇ ಪದರ ಎಬ್ಬಿಸಬೇಕು. ನಿಮ್ಮಲ್ಲಿ ಎಷ್ಟೋ ಜನರ ಹಳೆಯ ಮನೆಯ ನೆಲಕ್ಕೆ ಹಾಸಿರುವುದು ಆ ಫರಸಿಯೇ ಇರಬಹುದು. ಮೂವತ್ತು ವರ್ಷ ಅವರು ಆ ಧೂಳು ಕುಡಿದರು. ವಾಡಿ, ಶಹಾಬಾದ್, ಸೇಡಂ, ಮಳಖೇಡ ಎಲ್ಲವೂ ಸುಣ್ಣದ ಕಲ್ಲಿನ ಮೇಲೆ ಕೂತ ಊರುಗಳು. ಅದಕ್ಕೇ ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದವು. ಬೆಳಿಗ್ಗೆ ಅಂಗಳ ಗುಡಿಸಿದರೆ ಸಂಜೆಗೆ ಮತ್ತೆ ಬಿಳಿ ಪದರ ಕೂತಿರುತ್ತದೆ.

‘ಕೆಜಿಎಫ್’ನ ಮೊದಲ ಭಾಗ 2018ರ ಡಿಸೆಂಬರ್ 21ರಂದು ಬಂತು. ಅದರ ನಾಯಕ ರಾಕಿಗೆ ಹಾರುವ ಶಕ್ತಿಯಿಲ್ಲ, ಮುಖವಾಡವಿಲ್ಲ. ಆದರೂ ಅವನು ನಮ್ಮ ಸೂಪರ್‌ಹೀರೋನೇ. ಒಬ್ಬ ಮನುಷ್ಯನಿಂದ ಆಗದ್ದೆಲ್ಲ ಅವನಿಂದ ಆಗುತ್ತದೆ. ನಾನು ಓದಿದ ವಿಮರ್ಶೆಗಳಲ್ಲಿ ಹಲವರು ತಕರಾರು ತೆಗೆದಿದ್ದರು: ಸದ್ದು ಜಾಸ್ತಿ, ಕತ್ತಲೆ ಜಾಸ್ತಿ, ದೃಶ್ಯ ನಿಲ್ಲುವ ಮೊದಲೇ ಕತ್ತರಿ ಬೀಳುತ್ತದೆ, ಇಡೀ ಪರದೆ ಮಣ್ಣಿನ ಬಣ್ಣ. ಮುಂದಿನ ಜನವರಿಯಲ್ಲಿ ಅಪ್ಪನನ್ನು ಕಲಬುರಗಿಗೆ ಕರೆದೊಯ್ದೆ. ಅವರು ಟಾಕೀಸಿಗೆ ಹೋಗಿ ಹತ್ತು ವರ್ಷಕ್ಕೂ ಮೇಲಾಗಿತ್ತು. ಸಿನಿಮಾದ ನಾರಾಚಿ ಗಣಿಯಲ್ಲಿ ಜೀತದ ಆಳುಗಳು ಬುಟ್ಟಿ ಹೊತ್ತು ಸಾಲಾಗಿ ನಡೆಯುವಾಗ ಅವರು ಮುಂದಕ್ಕೆ ಬಾಗಿ ಕೂತರು. ಸೀಟಿ ಹೊಡೆಯಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಮನೆಗೆ ಬಂದು ಭಕ್ರಿ ಮುರಿಯುತ್ತ ಒಂದೇ ಮಾತು ಹೇಳಿದರು: ‘ಆ ಧೂಳ್ ಖರೇ ಅದ.’

ನಿಮ್ಮ ಕಣ್ಣಿಗೆ ತೊಡಕಾಗಿ ಕಂಡ ಬಣ್ಣವೇ ಅವರಿಗೆ ಸಿನಿಮಾದ ಸತ್ಯವಾಗಿತ್ತು. ಮೂವತ್ತು ವರ್ಷ ಖಣಿಯಲ್ಲಿ ದುಡಿದವನು ಈ ಧೂಳು ನಿಜ ಎಂದರೆ, ನನ್ನ ಮಟ್ಟಿಗೆ ಅದು ಆ ಸಿನಿಮಾದ ಛಾಯಾಗ್ರಹಣದ ಬಗ್ಗೆ ಬಂದ ಅತ್ಯುತ್ತಮ ವಿಮರ್ಶೆ. ಅದು ಎಲ್ಲೂ ಅಚ್ಚಾಗಲಿಲ್ಲ. ಸಿನಿಮಾ ಸುಮಾರು 250 ಕೋಟಿ ಗಳಿಸಿತು ಎಂಬುದಷ್ಟೇ ಅಚ್ಚಾಯಿತು. ಆಮೇಲೆ ಆ ಅಂಕಿಯನ್ನೇ ಜನರ ಅಭಿಪ್ರಾಯ ಎಂದು ಕರೆದರು. ಕೋಟಿಗಳ ಲೆಕ್ಕ ಜನ ಬಂದರು ಎಂದು ಹೇಳಬಲ್ಲದು. ಯಾಕೆ ಬಂದರು, ಬಂದು ಏನನ್ನು ಕಂಡರು ಎಂದು ಹೇಳಲಾರದು. ಅದನ್ನು ಕೇಳಿ ಬರೆಯುವ ಕೆಲಸ ವಿಮರ್ಶೆಯದು ಎಂದು ನಾನು ನಂಬಿದ್ದೇನೆ.

ಎರಡನೆಯ ಭಾಗ ಬಂದದ್ದು 2022ರ ಏಪ್ರಿಲ್ 14ಕ್ಕೆ, ಅಂಬೇಡ್ಕರ್ ಜಯಂತಿಯ ದಿನ. ಮೆರವಣಿಗೆ ಮುಗಿಸಿದ ನಮ್ಮ ಹುಡುಗರು ಹೆಗಲ ಮೇಲಿನ ನೀಲಿ ಶಾಲು ತೆಗೆಯದೆ ಹಾಗೇ ರಾತ್ರಿ ಆಟಕ್ಕೆ ಹೋದರು. ಗಣಿಯ ಜನ ಒಟ್ಟಾಗಿ ನಿಲ್ಲುವ ದೃಶ್ಯವನ್ನು ಆ ದಿನ, ಆ ಶಾಲಿನೊಂದಿಗೆ ನೋಡುವುದು ಬೇರೆಯೇ ಅನುಭವ. ಆ ಸಿನಿಮಾದ ಗಳಿಕೆ 1200 ಕೋಟಿ ದಾಟಿತು. ನಾನೂ ಮನಸಾರೆ ಮೆಚ್ಚಿ ಬಂದಿದ್ದೆ.

ಆದರೆ ಅದೇ ವಾರ ನಿಮ್ಮಲ್ಲಿ ಕೆಲವರು ಬರೆದಿದ್ದನ್ನು ಓದಿ ನಾನು ನಿಂತುಬಿಟ್ಟೆ. ನಾಯಕ ಒಬ್ಬ ಹೆಣ್ಣುಮಗಳನ್ನು ಅವಳ ಇಷ್ಟವಿಲ್ಲದೆ ಗಣಿಗೆ ಹೊತ್ತು ತರುತ್ತಾನೆ, ಅವಳು ತನ್ನ ಮನರಂಜನೆಗೆ ಎನ್ನುತ್ತಾನೆ. ಸಾವಿರಾರು ಜನರನ್ನು ಜೀತದಿಂದ ಬಿಡಿಸಿದವನು ಅವಳನ್ನು ಮಾತ್ರ ಹಾಗೆ ಕಂಡದ್ದೇಕೆ ಎಂದು ನೀವು ಕೇಳಿದ್ದಿರಿ. ನಾನು ಆ ದೃಶ್ಯ ನೋಡಿದ್ದೆ, ಆಗ ಟಾಕೀಸಿನಲ್ಲಿ ಎದ್ದ ಚಪ್ಪಾಳೆಯಲ್ಲಿ ನನ್ನ ಕೈಯೂ ಇತ್ತು. ನೀವು ಹೇಳುವ ತನಕ ಅದು ನನಗೆ ಕಂಡಿರಲಿಲ್ಲ. ಆ ಸಾಲುಗಳನ್ನು ಬರೆದವರಿಗೆ ಇಲ್ಲಿಂದಲೇ ಕೃತಜ್ಞತೆ ಹೇಳುತ್ತೇನೆ. ಇಂಥ ಪ್ರಶ್ನೆ ಎತ್ತಿದವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಮೊಬೈಲುಗಳಲ್ಲಿ ಬಂದ ಬೈಗುಳ ಓದಿ ನನಗೆ ಸಂಕಟವಾಗಿದೆ. ಅದನ್ನು ಪ್ರೇಕ್ಷಕರ ಸಿಟ್ಟು ಎಂದು ದಯವಿಟ್ಟು ತಿಳಿಯಬೇಡಿ. ನಮ್ಮ ಅವ್ವ, ಅಕ್ಕ, ತಂಗಿಯರೂ ಪ್ರೇಕ್ಷಕರೇ. ಅವರು ಯಾರಿಗೂ ಬೈದಿಲ್ಲ.

‘ಲೋಕಾ’ದಲ್ಲಿ ಇದು ತಿರುಗುಮುರುಗಾಯಿತು. ಬೆಂಗಳೂರಿನ ಹೆಣ್ಣುಮಕ್ಕಳ ಬಗ್ಗೆ ಒಂದು ಪಾತ್ರ ಹಗುರವಾಗಿ ಆಡುವ ಮಾತು ಅದರಲ್ಲಿತ್ತು. ಆಗಸ್ಟ್ 28ಕ್ಕೆ ಸಿನಿಮಾ ಬಂತು. ನನ್ನ ಕಣ್ಣಿಗೆ ಬಿದ್ದ ವಿಮರ್ಶೆಗಳು ಆ ಮಾತಿನ ಪಕ್ಕದಲ್ಲೇ ಹಾದು ಹೋಗಿದ್ದವು. ಅದನ್ನು ಹಿಡಿದು ನಿಲ್ಲಿಸಿದವರು ಕನ್ನಡದ ಸಾಮಾನ್ಯ ಪ್ರೇಕ್ಷಕರು. ಸೆಪ್ಟೆಂಬರ್ 2ರಂದು ನಿರ್ಮಾಣ ಸಂಸ್ಥೆಯಾದ ವೇಫೇರರ್ ಫಿಲ್ಮ್ಸ್ ಕನ್ನಡಿಗರ ಕ್ಷಮೆ ಕೇಳಿತು, ಆ ಮಾತನ್ನು ತೆಗೆಯುವುದಾಗಿ ಹೇಳಿತು. ಅಂದರೆ ಒಮ್ಮೆ ನಮ್ಮ ಕುರುಡನ್ನು ನೀವು ತೋರಿಸಿದಿರಿ, ಇನ್ನೊಮ್ಮೆ ನಿಮ್ಮ ಕಣ್ಣಿಗೆ ಬೀಳದ್ದನ್ನು ನಾವು ಹಿಡಿದೆವು.

ಹೀಗಿರುವಾಗ ಇಬ್ಬರ ಬಾಯಿಯನ್ನೂ ಮುಚ್ಚಿಸುವ ದಾರಿ ಹುಡುಕುತ್ತಿರುವುದು ನನಗೆ ಕಳವಳ ತಂದಿದೆ. 2024ರ ನವೆಂಬರಿನಲ್ಲಿ ‘ಕಂಗುವ’ ಸಿನಿಮಾ ಸೋತ ಮೇಲೆ ತಮಿಳು ನಿರ್ಮಾಪಕರು ಯೂಟ್ಯೂಬ್ ವಿಮರ್ಶಕರನ್ನು ಟಾಕೀಸಿನ ಆವರಣಕ್ಕೇ ಬಿಡಬಾರದು ಎಂದರು. ವಿಷಯ ಮದ್ರಾಸ್ ಹೈಕೋರ್ಟಿಗೆ ಹೋಯಿತು, ಅದು ವಿಮರ್ಶೆಗೆ ತಡೆ ಕೊಡಲು ಒಪ್ಪಲಿಲ್ಲ. 2025ರ ಡಿಸೆಂಬರಿನಲ್ಲಿ ‘ದಿ ಡೆವಿಲ್’ ಬಿಡುಗಡೆಯ ಹೊತ್ತಿಗೆ ಬೆಂಗಳೂರಿನ ನ್ಯಾಯಾಲಯದ ಆದೇಶದಂತೆ ಟಿಕೆಟ್ ಮಾರುವ ಬುಕ್‌ಮೈಶೋ ಆ್ಯಪಿನಲ್ಲಿ ಆ ಚಿತ್ರದ ರೇಟಿಂಗ್, ವಿಮರ್ಶೆ ಎರಡನ್ನೂ ನಿಲ್ಲಿಸಲಾಯಿತು. ದುಡ್ಡು ಕೊಟ್ಟು ಬೈಯಿಸುವವರು, ದುಡ್ಡು ಕೊಟ್ಟು ಹೊಗಳಿಸುವವರು ಇದ್ದಾರೆಂಬ ನಿರ್ಮಾಪಕರ ಭಯ ನನಗೆ ಅರ್ಥವಾಗುತ್ತದೆ. ಕೋಟಿಗಟ್ಟಲೆ ಸಾಲ ಮಾಡಿದವನ ನಿದ್ದೆ ಕೆಡುವುದು ಸಹಜ. ಆದರೆ ಆ ಆ್ಯಪಿನಲ್ಲಿ ಬರೆಯುತ್ತಿದ್ದವರು ನೀವಲ್ಲ. ಟಿಕೆಟ್ ಕೊಂಡ ಜನ. ನಮ್ಮಂಥವರು ನಾಲ್ಕು ಸಾಲು ಬರೆಯಲು ಇದ್ದ ಒಂದು ಜಾಗವೂ ಅದರಿಂದ ಹೋಯಿತು.

ವಿಮರ್ಶಕರೂ ಜನರೂ ಎದುರಾಳಿಗಳಾಗಬೇಕಿಲ್ಲ ಎಂಬುದಕ್ಕೆ ನಮ್ಮಲ್ಲೇ ಹಳೆಯ ಸಾಕ್ಷಿಯಿದೆ. ನಮ್ಮ ಸೇಡಂ ತಾಲ್ಲೂಕಿನ ಮಳಖೇಡವನ್ನು ನೀವು ಪುಸ್ತಕದಲ್ಲಿ ಓದಿರುತ್ತೀರಿ. ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಶ್ರೀವಿಜಯ ‘ಕವಿರಾಜಮಾರ್ಗ’ ಬರೆದ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥವೇ ವಿಮರ್ಶೆಯ ಗ್ರಂಥ. ಯಾವುದು ಗುಣ, ಯಾವುದು ದೋಷ ಎಂದು ಉದಾಹರಣೆ ಕೊಟ್ಟು ವಿಚಾರಿಸುವ ಪುಸ್ತಕ. ಈ ನಾಡಿನ ಜನ ಓದು ಕಲಿಯದೆಯೂ ಕಾವ್ಯದ ಮರ್ಮ ಬಲ್ಲವರು ಎಂದು ಹೇಳಿದ್ದೂ ಅದೇ ಪುಸ್ತಕ. ದೋಷ ಹೇಳುವ ಕೆಲಸಕ್ಕೂ ಜನರ ತಿಳಿವಳಿಕೆಯನ್ನು ನಂಬುವುದಕ್ಕೂ ಶ್ರೀವಿಜಯನಿಗೆ ವಿರೋಧ ಕಾಣಲಿಲ್ಲ.

ಪ್ರತಿ ವರ್ಷ ತರಗತಿಯಲ್ಲಿ ಇದನ್ನು ಹೇಳುವಾಗ ಇನ್ನೊಂದು ಸಂಗತಿಗೆ ನನ್ನ ಮನಸ್ಸು ಹೋಗಿ ನಿಲ್ಲುತ್ತದೆ. ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಅವನು ಹೆಸರಿಸಿದ್ದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ಮಾನ್ಯಖೇಟದ ಹೆಸರು ಅದರಲ್ಲಿಲ್ಲ. ರಾಜಧಾನಿಯಲ್ಲಿ ಕೂತು, ರಾಜನ ಆಶ್ರಯದಲ್ಲಿ ಬರೆಯುತ್ತಿದ್ದವನು ತಿರುಳು ತನ್ನ ರಾಜಧಾನಿಯಲ್ಲಿದೆ ಎನ್ನಲಿಲ್ಲ. ದೂರದ ಊರುಗಳ ಕಡೆ ಕೈ ತೋರಿಸಿದ. ಕನ್ನಡ ಒಂದಲ್ಲ, ಹಲವು ಎಂಬುದೂ ಅವನಿಗೆ ಗೊತ್ತಿತ್ತು. ಇಂದಿನ ರಾಜಧಾನಿಯಲ್ಲಿ ಕೂತು ಬರೆಯುವ ನಿಮ್ಮನ್ನು ನಾನು ಕೇಳುತ್ತಿರುವುದೂ ಅಷ್ಟೇ. ಶುಕ್ರವಾರ ಬರೆಯುವುದನ್ನು ಬರೆಯಿರಿ. ಯಾವ ಭಾಷೆಯ ರೂಪ ನೋಡಿದೆವು ಎಂದು ಅದರಲ್ಲಿ ಒಂದು ಸಾಲು ಹೇಳಿ. ಎರಡು ವಾರ ಕಳೆದ ಮೇಲೆ, ಸದ್ದು ಅಡಗಿದ ಮೇಲೆ, ರಾಜಧಾನಿಯ ಹೊರಗಿನ ಒಂದು ಟಾಕೀಸಿನಲ್ಲಿ ಅದೇ ಸಿನಿಮಾ ಇನ್ನೊಮ್ಮೆ ನೋಡಿ. ಪರದೆ ನೋಡಿದಷ್ಟೇ ಹೊತ್ತು ಪಕ್ಕದವರನ್ನೂ ನೋಡಿ. ಅವರು ಎಲ್ಲಿ ನಕ್ಕರು, ಎಲ್ಲಿ ಸುಮ್ಮನಾದರು, ಎಲ್ಲಿ ಎದ್ದು ಹೊರಗೆ ಹೋದರು ಎಂದು ಬರೆಯಿರಿ. ಅವರು ತಪ್ಪು ಜಾಗದಲ್ಲಿ ಚಪ್ಪಾಳೆ ತಟ್ಟಿದರೆ ಅದನ್ನೂ ಬರೆಯಿರಿ.

ನಾನು ನನ್ನ ಕೈಲಾದದ್ದು ಶುರುಮಾಡಿದ್ದೇನೆ. 2024ರ ಸಂಕ್ರಾಂತಿಗೆ ತೆಲುಗಿನ ‘ಹನುಮಾನ್’ ಬಂದಾಗ ನಮ್ಮ ಕಡೆ ಅದು ಮನೆಮಾತಾಯಿತು. ಅಂಜನಾದ್ರಿ ಎಂಬ ಹಳ್ಳಿಯ ಪುಂಡ ಹುಡುಗನಿಗೆ ಹನುಮನ ಶಕ್ತಿ ಸಿಗುವ ಕತೆ. ಒಂಬತ್ತನೆಯ ತರಗತಿಯವರಿಗೆ ಅದರ ಬಗ್ಗೆ ಒಂದೊಂದು ಪುಟ ಬರೆಯಲು ಹೇಳಿದೆ. ಚೆನ್ನಾಗಿದೆ, ಚೆನ್ನಾಗಿಲ್ಲ ಎಂಬ ಎರಡು ಪದ ಬಳಸುವಂತಿಲ್ಲ ಎಂಬುದೊಂದೇ ನಿಯಮ. ಮೊದಲಿಗೆ ಪೆನ್ನು ಓಡಲಿಲ್ಲ. ಆಮೇಲೆ ಓಡಿತು. ಒಬ್ಬ ಹುಡುಗ ಆ ಹಳ್ಳಿಯಲ್ಲಿ ಯಾರೂ ಗುಳೆ ಹೋಗುವುದೇ ಇಲ್ಲವಲ್ಲ ಎಂದು ಬರೆದ. ಇನ್ನೊಬ್ಬ ಹಳ್ಳಿಯ ಪಾಳೇಗಾರನನ್ನು ತನಗೆ ಗೊತ್ತಿರುವ ಒಬ್ಬರಿಗೆ ಹೋಲಿಸಿ, ಆಮೇಲೆ ಹೆದರಿ ಹೊಡೆದು ಹಾಕಿದ್ದ.

ಚಿಂಚೋಳಿ ಕಡೆಯ ತಾಂಡಾದಿಂದ ಬಂದು ಹಾಸ್ಟೆಲಿನಲ್ಲಿ ಓದುತ್ತಿದ್ದ ಹುಡುಗಿ ಬರೆದದ್ದು ಅರ್ಧ ಪುಟ. ನಾಯಕನನ್ನು ಸಾಕಿ ಬೆಳೆಸಿದವಳು ಅವನ ಅಕ್ಕ. ತಮ್ಮನಿಗಾಗಿ ಮದುವೆಯನ್ನೂ ಮುಂದೆ ಹಾಕಿದವಳು. ಆಕೆ ಸತ್ತ ಮೇಲೆಯೇ ಅವನು ನಿಜವಾದ ವೀರನಾಗುತ್ತಾನೆ. ತಮ್ಮ ದೊಡ್ಡವನಾಗಲು ಅಕ್ಕ ಯಾಕೆ ಸಾಯಬೇಕು ಸರ್, ಆಕೆ ಬದುಕಿದ್ದರೆ ಅವನು ವೀರನಾಗುತ್ತಿರಲಿಲ್ಲವೇ ಎಂದು ಕೇಳಿ ಬರಹ ನಿಲ್ಲಿಸಿದ್ದಳು. ಅವಳ ಅಕ್ಕ ಆ ವರ್ಷ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದಳು. ಅದು ನನಗೆ ಗೊತ್ತಿತ್ತು.

ಆ ಪ್ರಶ್ನೆಯ ಕೆಳಗೆ ಕೆಂಪು ಶಾಯಿಯಲ್ಲಿ ಏನು ಬರೆಯುವುದೋ ತಿಳಿಯದೆ ಪುಟ ಹಾಗೇ ಇಟ್ಟುಕೊಂಡಿದ್ದೇನೆ. ಅದರ ಜೊತೆ ಇನ್ನೂ ಮೂವತ್ತೆಂಟು ಪುಟಗಳಿವೆ, ದಾರ ಹಾಕಿ ಹೊಲಿದಿದ್ದೇನೆ. ನಿಮ್ಮಲ್ಲಿ ಯಾರಾದರೂ ಈ ಕಡೆ ಬಂದರೆ ವಾಡಿಯಲ್ಲಿ ಇಳಿಯಿರಿ. ಸ್ಟೇಷನ್ನಿಗೆ ನಾನೇ ಬರುತ್ತೇನೆ. ಊಟಕ್ಕೆ ಜೋಳದ ಭಕ್ರಿ, ತೊಗರಿಬೇಳೆ ಇರುತ್ತದೆ. ಆ ಪುಟಗಳನ್ನು ಓದಿ, ಆ ಹುಡುಗಿಗೆ ಒಂದು ಉತ್ತರ ಬರೆದುಕೊಡಿ. ಅವಳೀಗ ಕಾಲೇಜಿನಲ್ಲಿದ್ದಾಳೆ. ನಾನು ತಲುಪಿಸುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ವಾಡಿಯ ಒಬ್ಬ ಕನ್ನಡ ಮಾಸ್ತರ